ಹುಲ್ಲುಗಾವಲಿನ ಠೇವಣಿ

ಬ್ಯಾಂಕೆಂಬ ಮಾತು ಕಿವಿಗೆ ಬಿದ್ದೊಡನೆಯೇ ಕಬ್ಬಿಣದ ಪೆಟ್ಟಿಗೆ, ಜಾಲರಿಯ ಹಿಂದೆ ಕುಳಿತ ಗುಮಾಸ್ತ, ಬಡ್ಡಿಯ ಲೆಕ್ಕ ಇವೇ ಮನಸ್ಸಿಗೆ ಬರುವುದು ಲೋಕದ ವಾಡಿಕೆ. ಹಣವಿಲ್ಲದ ಬ್ಯಾಂಕುಗಳೂ ಇಲ್ಲದಿಲ್ಲ. ಬಿತ್ತನೆಯ ಕಾಲಕ್ಕೆ ರೈತನಿಗೆ ಕಾಳನ್ನು ಕಡವಾಗಿ ಕೊಟ್ಟು, ಸುಗ್ಗಿಯಲ್ಲಿ ಸವಾಯಿಯೊಡನೆ ಹಿಂದಕ್ಕೆ ಪಡೆಯುವ ಧಾನ್ಯದ ಕಣಜವನ್ನು ಆ ಜಾತಿಯಲ್ಲಿಯೇ ಎಣಿಸಬೇಕು. ಆದರೆ ಹುಲ್ಲು, ಹೂವು, ಬೇಲಿಯ ಪೊದೆ, ಹೊಂಡದ ಅಂಚಿನ ಜೊಂಡು, ಇವುಗಳನ್ನೇ ಅಸಲಾಗಿ ಇಟ್ಟುಕೊಂಡು ವ್ಯವಹಾರ ನಡೆಯಿಸುವ ಬ್ಯಾಂಕೊಂದು ಉಂಟೆಂದರೆ ನಗುವವರೇ ಹೆಚ್ಚು. ಇಂಗ್ಲೆಂಡಿನಲ್ಲಿ ಈಗ ಅಂಥವು ಉಂಟು. ಅವುಗಳನ್ನು ಅಲ್ಲಿಯವರು ಹ್ಯಾಬಿಟ್ಯಾಟ್ ಬ್ಯಾಂಕೆಂದು ಕರೆಯುತ್ತಾರೆ. ಆವಾಸದ ಬ್ಯಾಂಕೆಂದರೆ ಕನ್ನಡದಲ್ಲಿ ಅರ್ಥವು ಕೆಡುವುದಿಲ್ಲ. ಅದರ ಕಟ್ಟಡವೆಂದರೆ ಬಯಲು. ಅದರ ಖಜಾಂಚಿಯೆಂದರೆ ಬೂಟಿಗೆ ಕೆಸರು ಮೆತ್ತಿಕೊಂಡ ಒಬ್ಬ ಒಕ್ಕಲಿಗ.

ಈ ಏರ್ಪಾಡಿನ ಹುಟ್ಟು ಹೀಗೆ. ಮನೆಗಳ ಸಾಲನ್ನೋ ಉಗ್ರಾಣವನ್ನೋ ಕಟ್ಟಹೊರಟವನು ಒಂದು ಬಯಲನ್ನು ಹಾಳುಮಾಡದೆ ಕಟ್ಟಲಾರ. ಹಾಳಾದುದಕ್ಕೆ ಬದಲಾಗಿ ಬೇರೊಂದು ಕಡೆ ಅಷ್ಟೇ, ಅಥವಾ ಅದಕ್ಕಿಂತ ತುಸು ಹೆಚ್ಚು, ಬೆಳೆಯಿಸಿಕೊಡಬೇಕೆಂಬುದು ವಿಚಾರ. ಜರ್ಮನಿಯಲ್ಲಿ 1976ರ ಪ್ರಕೃತಿ ಸಂರಕ್ಷಣೆಯ ಕಾಯಿದೆಯೊಡನೆಯೇ ಈ ಬಗೆಯ ನಿಯಮ ಬಂದಿತು. ಅಮೆರಿಕದಲ್ಲಿ ಜೌಗುನೆಲಗಳ ವಿಷಯವಾಗಿ ಇದೇ ತತ್ತ್ವವು ಬಳಕೆಗೆ ಬಂದು, 1995ರಲ್ಲಿ ಅಲ್ಲಿಯ ಸರ್ಕಾರವು ಜೌಗಿನ ಬ್ಯಾಂಕುಗಳಿಗೆ ಕ್ರಮವನ್ನು ಗೊತ್ತುಮಾಡಿತು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತವು 2008ರಲ್ಲಿ ಆ ದಾರಿಯನ್ನು ಹಿಡಿಯಿತು. ಇಂಗ್ಲೆಂಡು ತಡವಾಗಿ ಬಂದರೂ ಬಹಳ ದೂರ ನಡೆದಿದೆ. 2021ರ ನವೆಂಬರಿನಲ್ಲಿ ಅಂಗೀಕೃತವಾದ ಪರಿಸರ ಕಾಯಿದೆಯ ಮೇರೆಗೆ, 2024ರ ಫೆಬ್ರವರಿ 12ರಿಂದ ದೊಡ್ಡ ಕಟ್ಟಡದ ಕೆಲಸಗಳಿಗೂ, ಅದೇ ವರ್ಷದ ಏಪ್ರಿಲ್ 2ರಿಂದ ಸಣ್ಣವುಗಳಿಗೂ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಒಂದು ಕಟ್ಟುಪಾಡು ಬಂದಿತು. ಕಟ್ಟುವುದಕ್ಕೆ ಮುಂಚೆ ಆ ನೆಲದಲ್ಲಿ ಎಷ್ಟು ಜೀವವೈವಿಧ್ಯವಿದ್ದಿತೋ ಅದಕ್ಕಿಂತ ಶೇಕಡಾ 10ರಷ್ಟು ಹೆಚ್ಚಾಗಿ ಒದಗಿಸಿಕೊಡಬೇಕು. ಮೊದಲು ತನ್ನ ನಿವೇಶನದಲ್ಲಿಯೇ ಪ್ರಯತ್ನ. ಅಲ್ಲಿ ಸಾಲದಿದ್ದರೆ ಬೇರೆಯವರ ನೆಲದಲ್ಲಿ ಬೆಳೆದುದನ್ನು ಕೊಳ್ಳುವುದು. ಅದೂ ಸಿಕ್ಕದಿದ್ದರೆ ಸರ್ಕಾರದಿಂದಲೇ ಜಮೆಗಳನ್ನು ಕೊಳ್ಳುವುದು. ಈ ಎರಡನೆಯ ಮಾರ್ಗದಲ್ಲಿಯೇ ಆವಾಸದ ಬ್ಯಾಂಕು ನಿಂತಿದೆ.

ಕಾಯಿದೆಗಳನ್ನು ಕುರಿತು ಇಷ್ಟು ಸಾಕು. ಕಾಯಿದೆಯು ಕಾಗದದಿಂದ ಇಳಿದು ಒಬ್ಬನ ಹೊಲದ ಬದುವಿನ ಮೇಲೆ ಬಂದು ನಿಂತಾಗ ಏನಾಗುವುದೆಂಬುದು ನಿಜವಾಗಿ ನೋಡತಕ್ಕ ವಿಷಯ.

ಇಂಗ್ಲೆಂಡಿನ ಮಧ್ಯಭಾಗದಲ್ಲಿ, ಮಳೆಗಾಲದಲ್ಲಿ ಬೂಟನ್ನು ಹಿಡಿದು ಬಿಡದ ಜೇಡಿಮಣ್ಣಿನ ಸೀಮೆಯಲ್ಲಿ, ಅರವತ್ತೇಳು ವರ್ಷದ ಒಬ್ಬ ರೈತನಿದ್ದಾನೆ. ಆತನ ಜಮೀನು ದೊಡ್ಡದಲ್ಲ, ಚಿಕ್ಕದೂ ಅಲ್ಲ. ಹೆಂಡತಿ ತೀರಿಹೋಗಿದ್ದಾಳೆ, ಮೂವತ್ತನಾಲ್ಕು ವರ್ಷದ ಮಗಳು ದನಗಳನ್ನು ನೋಡಿಕೊಂಡು ಮನೆಯಲ್ಲಿಯೇ ಇದ್ದಾಳೆ. ಜಮೀನಿನ ಕೆಳಗಿನ ಮಗ್ಗುಲಲ್ಲಿ ಹನ್ನೆರಡು ಹೆಕ್ಟೇರಿನ, ಎಂದರೆ ಸುಮಾರು ಮೂವತ್ತು ಎಕರೆಯ, ಒಂದು ಹೊಲವುಂಟು. ಚಳಿಗಾಲದಲ್ಲಿ ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುತ್ತದೆ. ಅದರಲ್ಲಿ ಬೆಳೆದ ಗೋಧಿಯಿಂದ ಐದು ವರ್ಷಕ್ಕೆ ಎರಡು ವರ್ಷ ಲಾಭ, ಒಂದು ವರ್ಷ ಸಮ, ಉಳಿದವು ದೇವರಿಗೆ ಪ್ರೀತಿ. ಆದರೂ ಆ ಹೊಲದ ಹೆಸರು ಮಾತ್ರ ಉದ್ದನೆಯ ಹುಲ್ಲುಗಾವಲು. ಎಂಭತ್ತು ವರ್ಷಗಳಿಂದ ಹುಲ್ಲುಗಾವಲಲ್ಲದ ನೆಲಕ್ಕೆ ಆ ಹೆಸರು ಹೇಗೆ ಉಳಿಯಿತೆಂಬುದಕ್ಕೆ ಒಂದು ಕಥೆಯಿದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊರಗಿನಿಂದ ಧಾನ್ಯ ಬರುವುದು ನಿಂತೀತೆಂಬ ಭಯ ಆ ದ್ವೀಪವನ್ನು ಆವರಿಸಿತ್ತು. ಹಳೆಯ ಹುಲ್ಲುನೆಲವನ್ನು ಉತ್ತವನಿಗೆ ಎಕರೆಗೆ 2 ಪೌಂಡು ಕೊಡುವುದೆಂದು 1939ರಲ್ಲಿ ಸರ್ಕಾರವು ಸಾರಿತು. ಯುದ್ಧ ತೊಡಗಿದ ಮೇಲೆ ಜಿಲ್ಲೆಜಿಲ್ಲೆಗೂ ಯುದ್ಧಕಾಲದ ಬೇಸಾಯದ ಸಮಿತಿಗಳು ಏರ್ಪಟ್ಟು, ಇಂಥ ಹೊಲವನ್ನು ಉಳತಕ್ಕದ್ದೆಂದು ಅಪ್ಪಣೆ ಮಾಡತೊಡಗಿದುವು. ಅಪ್ಪಣೆಯನ್ನು ಮೀರಿದವನ ಜಮೀನನ್ನು ವಶಪಡಿಸಿಕೊಳ್ಳುವ ಅಧಿಕಾರವೂ ಅವುಗಳಿಗಿತ್ತು. ಈ ರೈತನ ತಾತ ಎರಡು ದಿನ ಊಟ ಬಿಟ್ಟನಂತೆ. ಮೂರನೆಯ ದಿನ, ಆಗಿನ್ನೂ ಮೀಸೆ ಮೂಡದ ಮಗನನ್ನು ಬಾಡಿಗೆಯ ಟ್ರ್ಯಾಕ್ಟರಿನ ಮೇಲೆ ಕೂರಿಸಿ, ತಾನು ಮನೆಯೊಳಕ್ಕೆ ಹೋಗಿ ಬಾಗಿಲು ಹಾಕಿಕೊಂಡನಂತೆ. ಹಾಗೆ ಉತ್ತ ಹುಡುಗನೇ ಈತನ ತಂದೆ. ಆ ನೇಗಿಲು ಮಗುಚಿದ ಹುಲ್ಲಿನ ವಯಸ್ಸು ಎಷ್ಟು ನೂರು ವರ್ಷವೋ ಬಲ್ಲವರಿಲ್ಲ. ಆ ಒಂದು ಹೊಲದ ಗತಿಯೇ ದೇಶದ ಗತಿಯೂ ಆಯಿತು. 1930ರ ದಶಕದಿಂದ 1984ರೊಳಗಾಗಿ ಇಂಗ್ಲೆಂಡು ಮತ್ತು ವೇಲ್ಸಿನ ತಗ್ಗುಸೀಮೆಯ ಹಳೆಯ ಹೂಗಾವಲುಗಳಲ್ಲಿ ಶೇಕಡಾ 97 ಭಾಗ ಹಾಳಾದುವೆಂದು ಶೋಧಕರು ಲೆಕ್ಕಹಾಕಿದ್ದಾರೆ. ದೇಶಕ್ಕೆ ಅನ್ನ ಬೇಕಾಗಿದ್ದಾಗ ಉತ್ತವರನ್ನು ಈಗ ಹಳಿಯುವುದು ಸುಲಭ. ಹಸಿವನ್ನು ಕಾಣದವರಿಗೆ ಇನ್ನೂ ಸುಲಭ.

2023ರ ಶರತ್ಕಾಲದಲ್ಲಿ ಒಬ್ಬ ದಲ್ಲಾಳಿಯೂ, ಅವನ ಹಿಂದೆ ಜೀವಿಪರಿಸರದ ತಜ್ಞೆಯಾದ ಒಬ್ಬ ತರುಣಿಯೂ ಈ ಹೊಲಕ್ಕೆ ಬಂದರು. ದಲ್ಲಾಳಿಯ ಮಾತಿನಲ್ಲಿ ಎಷ್ಟು ಸಕ್ಕರೆಯಿತ್ತೆಂಬುದನ್ನು ಬರೆಯಬೇಕಾದುದಿಲ್ಲ. ಆ ಜಾತಿಯವರು ಎಲ್ಲ ದೇಶಗಳಲ್ಲಿಯೂ ಒಂದೇ ಬಗೆ. ತರುಣಿಯು ಮಾತ್ರ ಮೊದಲು ಗುದ್ದಲಿ ಕೇಳಿದಳು. ಮಣ್ಣನ್ನು ಅಗೆದು ಚೀಲದಲ್ಲಿ ತುಂಬಿಕೊಂಡು, ಬೇಲಿಯ ಗಿಡಗಳನ್ನು ಒಂದೊಂದಾಗಿ ಬರೆದುಕೊಂಡು, ಆಮೇಲೆ ಅಡಿಗೆಮನೆಯ ಮೇಜಿನ ಮುಂದೆ ಕುಳಿತು ಲೆಕ್ಕವನ್ನು ವಿವರಿಸಿದಳು.

ಆ ಲೆಕ್ಕವು ಸ್ವಾರಸ್ಯವಾದುದು. ಜೀವವೈವಿಧ್ಯವನ್ನು ಯೂನಿಟ್ಟುಗಳಲ್ಲಿ ಅಳೆಯುತ್ತಾರೆ. ನೆಲದ ವಿಸ್ತಾರವನ್ನು ಅದರ ವಿಶಿಷ್ಟತೆಯ ಅಂಕದಿಂದಲೂ, ಸ್ಥಿತಿಯ ಅಂಕದಿಂದಲೂ ಗುಣಿಸಬೇಕು. ಆ ಪ್ರದೇಶವು ಪರಿಸರದ ಯೋಜನೆಯಲ್ಲಿ ಮುಖ್ಯವೆಂದು ಗುರುತಾಗಿದ್ದರೆ ಅಲ್ಪಸ್ವಲ್ಪ ಸೇರಿಸಬೇಕು. ಗೋಧಿಯ ಹೊಲಕ್ಕೆ ವಿಶಿಷ್ಟತೆ ಕಡಮೆ, ಅಂಕ 2. ಅದರ ಸ್ಥಿತಿಯನ್ನು ತೂಗಿ ನೋಡುವ ಗೋಜೇ ಇಲ್ಲ, ಅಂಕ 1. ಆದುದರಿಂದ ಹನ್ನೆರಡು ಹೆಕ್ಟೇರಿಗೆ ಈಗ ಇರುವುದು 24 ಯೂನಿಟ್ಟು. ಅದನ್ನೇ ಹಲವು ಬಗೆಯ ಗಿಡಗಳುಳ್ಳ ಸಾಮಾನ್ಯ ಹುಲ್ಲುನೆಲವನ್ನಾಗಿ ಮಾಡಿದರೆ ವಿಶಿಷ್ಟತೆ 4; ಸ್ಥಿತಿ ಮಧ್ಯಮವಾದರೆ 2. ಹನ್ನೆರಡು ನಾಲ್ಕಲ ನಾಲ್ವತ್ತೆಂಟು, ಅದರ ಎರಡರಷ್ಟು 96. ಆದರೆ ಹುಲ್ಲು ಬೆಳೆಯುವುದಕ್ಕೆ ಕಾಲ ಬೇಕಷ್ಟೆ. ಕಾದ ಪ್ರತಿಯೊಂದು ವರ್ಷಕ್ಕೂ ಶೇಕಡಾ 3.5ರಂತೆ ಬಟ್ಟಾ ಹಿಡಿಯುತ್ತಾರೆ. ಐದು ವರ್ಷವೆಂದು ಎಣಿಸಿದರೆ 96 ಎಂಬುದು ಸುಮಾರು 80ಕ್ಕೆ ಇಳಿಯುವುದು. ಬೆಳೆಸುವುದು ಕಷ್ಟವಾದ ಆವಾಸವಾದರೆ ಇನ್ನೊಂದು ಬಟ್ಟಾ. ಈ ಹುಲ್ಲಿಗೆ ಅದಿಲ್ಲ. ಮೊದಲಿದ್ದ 24ನ್ನು ಕಳೆದರೆ ಮಾರುವುದಕ್ಕೆ ಉಳಿಯುವುದು 56 ಯೂನಿಟ್ಟುಗಳು.

ರೈತನು ಪೆನ್ಸಿಲಿನಿಂದ ಇದನ್ನೆಲ್ಲ ಒಮ್ಮೆ ತಾನೂ ಗುಣಿಸಿ ನೋಡಿದನು. ಸ್ಥಿತಿಯು ಮಧ್ಯಮಕ್ಕೆ ಬದಲು ಉತ್ತಮವಾದರೆ ಅಂಕ 3 ಆಗುವುದನ್ನು ಕಂಡು, ಹತ್ತು ವರ್ಷದ ಬಟ್ಟಾ ಹಿಡಿದರೂ ಯೂನಿಟ್ಟುಗಳು ಸುಮಾರು 77ಕ್ಕೆ ಏರುವುವಲ್ಲಾ ಎಂದನು. ತರುಣಿಯು, "ಏರುತ್ತವೆ, ಆದರೆ ಬರೆದುಕೊಟ್ಟುದನ್ನು ಬೆಳೆದು ತೋರಿಸಬೇಕಾಗುತ್ತದೆ. ನಿಮ್ಮ ಮಣ್ಣನ್ನು ನೋಡಿದರೆ ನನಗೆ ಧೈರ್ಯ ಸಾಲದು," ಎಂದಳು. ದಲ್ಲಾಳಿಯ ಮುಖ ಸಣ್ಣದಾಯಿತು. ಆ ಒಂದು ಮಾತಿನಿಂದಲೇ ರೈತನಿಗೆ ಆಕೆಯಲ್ಲಿ ವಿಶ್ವಾಸ ಹುಟ್ಟಿತೆಂದು ತೋರುತ್ತದೆ.

ಈ ಯೂನಿಟ್ಟಿಗೆ ಇಷ್ಟೇ ಬೆಲೆಯೆಂದು ಯಾರೂ ಗೊತ್ತುಮಾಡಿಲ್ಲ. ಮಾರುವವನಿಗೂ ಕೊಳ್ಳುವವನಿಗೂ ಒಪ್ಪಿದುದೇ ಬೆಲೆ. ಆದರೆ ಮೇಲೆ ಒಂದು ಮುಚ್ಚಳವುಂಟು. ಎಲ್ಲಿಯೂ ಯೂನಿಟ್ಟು ಸಿಕ್ಕದವನಿಗೆ ಸರ್ಕಾರವು ಮಾರುವ ಜಮೆಗಳ ಬೆಲೆಯನ್ನು 2023ರಲ್ಲಿ ಪ್ರಕಟಿಸಿದಾಗ, ತೀರ ಕೆಳದರ್ಜೆಯ ಆವಾಸಕ್ಕೂ ಒಂದು ಜಮೆಗೆ 42,000 ಪೌಂಡು, ಸರೋವರಗಳಂಥ ಅಪೂರ್ವ ವಸ್ತುವಿಗಾದರೆ 6,50,000 ಪೌಂಡು ಎಂದಿತ್ತು. ಅದೂ ಒಂದು ಯೂನಿಟ್ಟಿಗೆ ಎರಡು ಜಮೆಗಳನ್ನು ಕೊಳ್ಳಬೇಕು. ಯಾರೂ ತನ್ನ ಅಂಗಡಿಗೆ ಬಾರದಿರಲೆಂದೇ ಬೆಲೆಯನ್ನು ಏರಿಸಿಟ್ಟ ವ್ಯಾಪಾರಿ ಲೋಕದಲ್ಲಿ ಇದೊಂದೇ ಇರಬೇಕು. ಒಟ್ಟಿನಲ್ಲಿ, ತಾತನು ಉಳುವುದಕ್ಕೆ ಎಕರೆಗೆ 2 ಪೌಂಡು ಪಡೆದ ನೆಲವನ್ನು ಉಳದಿರುವುದಕ್ಕೆ ಮೊಮ್ಮಗನಿಗೆ ಸಾವಿರಗಟ್ಟಲೆ ಬರುವ ಸಂಭವವು ಒದಗಿತು.

ಆದರೆ ಹಣದ ಹಿಂದೆಯೇ ಕಾಗದವು ಬಂದಿತು. ಬ್ಯಾಂಕನ್ನು ತೆರೆಯಬೇಕಾದರೆ ನೆಲವನ್ನು ಮೂವತ್ತು ವರ್ಷಕ್ಕೆ ಕಡಮೆಯಿಲ್ಲದಂತೆ ಕಟ್ಟಿಹಾಕಬೇಕು. ಕಟ್ಟುವುದಕ್ಕೆ ಎರಡು ಹಗ್ಗಗಳುಂಟು. 1990ರ ನಗರ ಮತ್ತು ಗ್ರಾಮ ಯೋಜನೆಯ ಕಾಯಿದೆಯ 106ನೆಯ ವಿಧಿಯಂತೆ ಸ್ಥಳೀಯ ಆಡಳಿತದೊಡನೆ ಕರಾರು ಮಾಡಿಕೊಳ್ಳುವುದು ಒಂದು. ಸರ್ಕಾರವು ಗೊತ್ತುಮಾಡಿದ ಹೊಣೆಯ ಸಂಸ್ಥೆಯೊಂದಕ್ಕೆ ಸಂರಕ್ಷಣೆಯ ಪ್ರತಿಜ್ಞಾಪತ್ರವನ್ನು ಬರೆದುಕೊಡುವುದು ಇನ್ನೊಂದು. ಯಾವುದಾದರೂ ಸರಿಯೇ, ಅದು ಮನುಷ್ಯನಿಗೆ ಅಂಟಿದ ಕರಾರಲ್ಲ, ನೆಲಕ್ಕೆ ಅಂಟಿದ ಕರಾರು. ಮಾರಿದರೆ ಕೊಂಡವನಿಗೂ, ಸತ್ತರೆ ಮಕ್ಕಳಿಗೂ ಅದು ತಪ್ಪದು. ಅದರ ಜತೆಗೆ ಯಾವ ತಿಂಗಳಿನಲ್ಲಿ ಹುಲ್ಲು ಕೊಯ್ಯಬೇಕು, ಎಷ್ಟು ದನ ಮೇಯಬೇಕು, ಯಾವ ವರ್ಷಗಳಲ್ಲಿ ಪರೀಕ್ಷೆಯಾಗಬೇಕು ಎಂಬುದನ್ನೆಲ್ಲ ಬರೆದ ನಿರ್ವಹಣೆಯ ಕೈಪಿಡಿ. ಆ ಮೇಲೆ ನ್ಯಾಚುರಲ್ ಇಂಗ್ಲೆಂಡ್ ಎಂಬ ಸರ್ಕಾರಿ ಸಂಸ್ಥೆಯ ದಫ್ತರಿನಲ್ಲಿ ನೋಂದಾವಣೆ. ಒಂದೇ ಯೂನಿಟ್ಟನ್ನು ಇಬ್ಬರಿಗೆ ಮಾರದಂತೆ ತಡೆಯುವುದಕ್ಕೆ ಆ ದಫ್ತರು. ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಈ ಕಾಗದಗಳ ವಕೀಲರ ಖರ್ಚು, ಒಂದು ಯೂನಿಟ್ಟೂ ಮಾರುವುದಕ್ಕೆ ಮೊದಲೇ, ಆ ವರ್ಷದ ಕರುಗಳ ಮಾರಾಟದಿಂದ ಬಂದುದನ್ನೆಲ್ಲ ನುಂಗಿತು.

ಮಗಳು ಹೆಚ್ಚು ಮಾತಿನವಳಲ್ಲ. ಕರಾರಿನ ಕರಡು ಮೇಜಿನ ಮೇಲೆ ಮೂರು ವಾರ ಬಿದ್ದಿದ್ದ ಮೇಲೆ ಒಂದು ರಾತ್ರಿ ಆಕೆ ಕೇಳಿದಳು: "ಅಪ್ಪಾ, ಈ ಮೂವತ್ತು ವರ್ಷ ಮುಗಿಯುವಾಗ ನಿನಗೆಷ್ಟು ವಯಸ್ಸು?"

"ತೊಂಭತ್ತೇಳು."

"ನನಗೆ ಅರವತ್ತನಾಲ್ಕು. ರುಜು ಹಾಕುವವನು ನೀನು, ಹುಲ್ಲು ಕೊಯ್ಯುವವಳು ನಾನು."

ಈ ಮಾತಿಗೆ ಆತನಲ್ಲಿ ಉತ್ತರವಿರಲಿಲ್ಲ. ಆವಾಸದ ಬ್ಯಾಂಕನ್ನು ಕುರಿತು ಅಚ್ಚಾಗಿರುವ ಸೊಗಸಾದ ಪುಸ್ತಿಕೆಗಳಲ್ಲಿಯೂ ಅದಕ್ಕೆ ಉತ್ತರವಿದ್ದಂತೆ ಕಾಣುವುದಿಲ್ಲ. ಮೂವತ್ತು ವರ್ಷವೆಂಬುದು ಸರ್ಕಾರದ ಎಣಿಕೆಯಲ್ಲಿ ಒಂದು ಅಂಕಿ. ಒಕ್ಕಲಿನ ಎಣಿಕೆಯಲ್ಲಿ ಅದು ಒಂದು ತಲೆ. ಆಕೆಗೆ ಮದುವೆಯಾದೀತು, ಆಗದಿರಬಹುದು, ಊರು ಬಿಡಬೇಕೆನಿಸೀತು, ಗೋಧಿಯ ಬೆಲೆ ಯುದ್ಧದಿಂದಲೋ ಬರದಿಂದಲೋ ಇಮ್ಮಡಿಸೀತು. ಆಗ ಈ ಹೊಲವನ್ನು ನೋಡುತ್ತ ಕೈಕಟ್ಟಿ ಕೂರಬೇಕು. ಇನ್ನೊಂದು ಪಕ್ಷದಲ್ಲಿ ಏನನ್ನೂ ಮಾಡದೆ ಇರುವುದೂ ಕ್ಷೇಮವಾಗಿರಲಿಲ್ಲ. ಜಮೀನಿನ ವಿಸ್ತಾರಕ್ಕೆ ತಕ್ಕಂತೆ ಸರ್ಕಾರವು ಕೊಡುತ್ತಿದ್ದ ಸಹಾಯಧನವು 2021ರಿಂದ ವರ್ಷವರ್ಷವೂ ಇಳಿಯುತ್ತ ಬಂದಿತ್ತು. ಜೇಡಿಮಣ್ಣಿನ ಒಕ್ಕಲುಗಳು ಆ ಹಣದ ಮೇಲೆಯೇ ಉಸಿರಾಡುತ್ತಿದ್ದುವೆಂದರೆ ಅತಿಶಯವಾಗದು.

ಮತ್ತೊಂದು ಭಯವು ಸಾವಿಗೆ ಸಂಬಂಧಿಸಿದುದು. ಇಂಗ್ಲೆಂಡಿನಲ್ಲಿ ಬೇಸಾಯದ ಜಮೀನು ತಂದೆಯಿಂದ ಮಕ್ಕಳಿಗೆ ಬರುವಾಗ ಉತ್ತರಾಧಿಕಾರದ ತೆರಿಗೆಯಲ್ಲಿ ರಿಯಾಯಿತಿಯುಂಟು. ಬೇಸಾಯವನ್ನೇ ಬಿಟ್ಟು ಹೂ ಬೆಳೆದರೆ ಅದು ಬೇಸಾಯದ ಜಮೀನು ಹೌದೋ ಅಲ್ಲವೋ? ಹಲವರು ಈ ಒಂದು ಸಂಶಯದಿಂದಲೇ ಹಿಂಜರಿದರು. 2025ರ ಏಪ್ರಿಲ್ 6ರಿಂದ ಮಾನ್ಯವಾದ ಪರಿಸರ ಕರಾರುಗಳಿಗೆ ಒಳಪಟ್ಟ ನೆಲಕ್ಕೂ ಆ ರಿಯಾಯಿತಿಯು ಸಲ್ಲುವುದೆಂದು 2024ರ ಮಾರ್ಚಿನ ಆಯವ್ಯಯದಲ್ಲಿ ಸಾರಿದ ಮೇಲೆ ಈತನಿಗೆ ಉಸಿರು ಬಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊಸ ಸರ್ಕಾರವು ರಿಯಾಯಿತಿಗೇ ಮಿತಿ ಹಾಕುವೆನೆಂದಾಗ ಅದೇ ಉಸಿರು ಮತ್ತೆ ಕಟ್ಟಿತು. ರೈತರು ಟ್ರ್ಯಾಕ್ಟರುಗಳನ್ನೇರಿ ಲಂಡನ್ನಿನ ಬೀದಿಗಳಿಗೆ ಬಂದುದು ಆಗಲೇ. ಮೂವತ್ತು ವರ್ಷದ ಮಾತನ್ನು ರೈತನಿಂದ ಬರೆಯಿಸಿಕೊಳ್ಳುವ ಸರ್ಕಾರವು ತಾನು ಮೂವತ್ತು ವಾರದ ಮಾತನ್ನೂ ಕೊಡಲಾರದೆಂಬ ದೂರು ಆ ಸೀಮೆಯ ಸಂತೆಗಳಲ್ಲಿ ಕೇಳಿಬರುವುದುಂಟು. ಅದು ಪೂರ್ತಿ ನ್ಯಾಯವಲ್ಲದಿದ್ದರೂ ಪೂರ್ತಿ ಅನ್ಯಾಯವೂ ಅಲ್ಲ.

ಪಕ್ಕದ ಜಮೀನಿನವನ ಸ್ಥಿತಿ ಬೇರೆ. ಅವನು ಗೇಣಿಗೆ ಮಾಡುವವನು. ಮೂವತ್ತು ವರ್ಷಕ್ಕೆ ನೆಲವನ್ನು ಕಟ್ಟುವ ಅಧಿಕಾರ ಅವನಿಗಿಲ್ಲ. ಅವನ ಗೇಣಿಯ ಅವಧಿಯೇ ಅಷ್ಟಿಲ್ಲ. ಭೂಮಾಲೀಕನಿಗೆ ಈ ವ್ಯವಹಾರವು ರುಚಿಸಿತೆಂದರೆ ಅವಧಿ ಮುಗಿದೊಡನೆ ಗೇಣಿದಾರನನ್ನು ಬಿಡಿಸಿ ತಾನೇ ಬ್ಯಾಂಕನ್ನು ತೆರೆಯಬಹುದು. ಹೂವು ಅರಳಿದ ನೆಲದಲ್ಲಿ ಒಂದು ಒಲೆ ಆರಿರಬಹುದೆಂಬುದನ್ನು ಯೂನಿಟ್ಟಿನ ಲೆಕ್ಕದಲ್ಲಿ ಹಿಡಿಯುವುದಿಲ್ಲ.

ಲೆಕ್ಕದಲ್ಲಿ ಹಿಡಿಯದಿರುವುದು ಇನ್ನೂ ಉಂಟು. ಅದು ಆವಾಸವನ್ನು ಅಳೆಯುವುದೇ ಹೊರತು ಅದರಲ್ಲಿ ವಾಸಿಸುವ ಹಕ್ಕಿಯನ್ನಾಗಲಿ ಚಿಟ್ಟೆಯನ್ನಾಗಲಿ ಎಣಿಸುವುದಿಲ್ಲ; ಕಾಪಾಡಬೇಕಾದ ಪ್ರಾಣಿಗಳಿಗೆ ಬೇರೆಯ ಕಾಯಿದೆಗಳಿವೆ. ಮನೆಯ ಹಿಂದಿನ ಬಯಲನ್ನು ಕಳೆದುಕೊಂಡ ಪಟ್ಟಣದ ಮಗುವಿಗೆ ದೂರದ ಹುಲ್ಲುಗಾವಲಿನಿಂದ ಏನೂ ಬಾರದು. ದೂರಕ್ಕೆ ದಂಡವಿದೆಯೆಂಬುದು ನಿಜ. ಕಟ್ಟಡದ ಪ್ರದೇಶಕ್ಕೂ ಅದರ ನೆರೆಯ ಪ್ರದೇಶಕ್ಕೂ ಹೊರತಾದ ಯೂನಿಟ್ಟನ್ನು ಅರ್ಧಬೆಲೆಗೆ ಎಣಿಸುತ್ತಾರೆ. ಕಾಯಿದೆಯು ಕಡ್ಡಾಯವಾಗುವುದಕ್ಕೆ ಮುಂಚೆಯೇ ಇದನ್ನು ಆಚರಿಸುತ್ತಿದ್ದ ಕೆಲವು ಪ್ರದೇಶಗಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಾಗದದ ಮೇಲೆ ಯೂನಿಟ್ಟುಗಳು ಏರಿದ್ದರೂ ಬಯಲಿನ ವಿಸ್ತಾರವು ಶೇಕಡಾ 34ರಷ್ಟು ಇಳಿದಿರುವುದು ಕಂಡುಬಂದಿತು. ಇಂದು ಕಳೆದುಕೊಂಡುದು ಹಿರಿದು, ಮುಂದೆ ಪಡೆಯುವುದಾಗಿ ಹೇಳುವುದು ಕಿರಿದಾದರೂ ಮೇಲುತರದ್ದು. ಕೆಲವಕ್ಕೆ ಮಾತ್ರ ಬದಲೇ ಇಲ್ಲವೆಂದು ಕಾಯಿದೆಯೂ ಒಪ್ಪಿಕೊಂಡಿದೆ. ಪುರಾತನವಾದ ಕಾಡು, ಮುದಿಮರಗಳು, ಸುಣ್ಣಕಲ್ಲಿನ ಹಾಸುಗಳು, ಬೆಟ್ಟದ ನೆತ್ತಿಯನ್ನು ಕಂಬಳಿಯಂತೆ ಹೊದೆದಿರುವ ಜೌಗು, ಸಮುದ್ರದಂಡೆಯ ಮರಳುದಿಬ್ಬ, ಇವು ಯೂನಿಟ್ಟಿನ ವ್ಯಾಪಾರಕ್ಕೆ ಸೇರವು. ಈ ವಿವೇಕವು ಎಲ್ಲೆಡೆಯೂ ಇದ್ದಿದ್ದರೆ ಚೆನ್ನಾಗಿತ್ತು. ಭಾರತದಲ್ಲಿಯೂ 1980ರ ಅರಣ್ಯ ಸಂರಕ್ಷಣೆಯ ಕಾಯಿದೆಯನ್ನು ಅನುಸರಿಸಿ, ಕಳೆದುಕೊಂಡ ಕಾಡಿಗೆ ಬದಲಾಗಿ ಬೇರೆಡೆ ಗಿಡ ನೆಡಿಸುವ ಪದ್ಧತಿಯಿದೆ. ಅದರ ನಿಧಿಗಾಗಿ 2016ರಲ್ಲಿ ಪ್ರತ್ಯೇಕ ಕಾಯಿದೆಯೂ ಆಗಿದೆ. ಸಾಲಾಗಿ ನೆಟ್ಟ ಒಂದೇ ಜಾತಿಯ ಗಿಡಗಳು ಕಾಡಾಗುವುವೇ ಎಂಬುದನ್ನು ಮಲೆನಾಡಿನ ಅಕೇಶಿಯದ ತೋಪುಗಳ ನಡುವೆ ನಡೆದವರಿಗೆ ಹೇಳಬೇಕಾದುದಿಲ್ಲ.

ಆ ರೈತನು ಕೊನೆಗೆ ಏನು ಮಾಡಿದನೆಂದರೆ, ದಲ್ಲಾಳಿಯು ಜಮೀನನ್ನೆಲ್ಲ ಸೇರಿಸೆಂದರೂ ಕೇಳದೆ, ಉದ್ದನೆಯ ಹುಲ್ಲುಗಾವಲೊಂದನ್ನೇ ಕೊಟ್ಟನು. ಮಗಳ ಹೆಸರನ್ನೂ ಕರಾರಿನಲ್ಲಿ ಸೇರಿಸಿದನು. ಬಂದ ಹಣದಲ್ಲಿ ಒಂದು ಪಾಲನ್ನು ಮುಟ್ಟದೆ ಬೇರೆ ಇಟ್ಟು, ಮೂವತ್ತು ವರ್ಷದ ಕೊಯ್ಲು, ಬೇಲಿ, ಪರೀಕ್ಷೆಗಳ ಖರ್ಚಿಗೆ ಅದು ಮೀಸಲೆಂದು ಬರೆಯಿಸಿದನು. ಇದು ಮಗಳ ಹಟ. ಹತ್ತು ತಿಂಗಳು ಕಾಗದ ಓಡಾಡಿ, 2024ರ ಬೇಸಿಗೆಯಲ್ಲಿ ರುಜುವಾಯಿತು. ಆಗಸ್ಟಿನಲ್ಲಿ ಕಡೆಯ ಗೋಧಿಯನ್ನು ಕೊಯ್ದರು.

ಇಲ್ಲಿಂದ ಮುಂದಿನದು ಬೇಸಾಯದ ವಿಷಯ. ಆದರೆ ತಲೆಕೆಳಗಾದ ಬೇಸಾಯ. ಆತನೂ ಆತನ ತಂದೆಯೂ ಅರವತ್ತು ವರ್ಷ ಆ ನೆಲಕ್ಕೆ ಗೊಬ್ಬರ ಹಾಕಿ ಅದನ್ನು ಕೊಬ್ಬಿಸಿದ್ದರು. ಕಾಡುಹೂಗಳಿಗಾದರೋ ಕೊಬ್ಬಿದ ನೆಲವಾಗದು. ಸಾರವಿದ್ದಲ್ಲಿ ಒರಟು ಹುಲ್ಲು ನೆಗೆದು ಬೆಳೆದು ಹೂಗಿಡಗಳನ್ನು ನೆರಳಿನಲ್ಲಿ ಉಸಿರುಕಟ್ಟಿಸುತ್ತದೆ; ಬಡನೆಲದಲ್ಲಿ ಎಲ್ಲವೂ ಗಿಡ್ಡವಾಗಿ, ಹತ್ತಾರು ಜಾತಿಗಳು ಒಂದೇ ಚದರಡಿಯಲ್ಲಿ ಹೊಂದಿಕೊಂಡಿರುತ್ತವೆ. ಮಣ್ಣಿನಲ್ಲಿ ಸೇರಿದ ಸಾರಜನಕವು ಬೇಗ ತೊಳೆದುಹೋಗುವುದು. ರಂಜಕವು ಮಾತ್ರ ಜೇಡಿಯನ್ನು ಹಿಡಿದು ಕುಳಿತರೆ ವರ್ಷಾನುಗಟ್ಟಲೆ ಬಿಡದು. ಆದುದರಿಂದ ಗೊಬ್ಬರ ಹಾಕದೆ ಬೆಳೆ ತೆಗೆಯುವುದು, ಕೊಯ್ದ ಹುಲ್ಲನ್ನು ಒಂದೆಳೆಯೂ ಬಿಡದೆ ಹೊರಕ್ಕೆ ಸಾಗಿಸುವುದು, ಹೀಗೆ ನೆಲವನ್ನು ಬುದ್ಧಿಪೂರ್ವಕವಾಗಿ ಬಡವಾಗಿಸಬೇಕು. ತರುಣಿಯು ತಂದ ಮಣ್ಣಿನ ಪರೀಕ್ಷೆಯಲ್ಲಿ ಮೇಲ್ಭಾಗದಲ್ಲಿ ರಂಜಕವು ಹೆಚ್ಚಾಗಿಯೂ, ನೀರು ನಿಲ್ಲುವ ಕೆಳಭಾಗದಲ್ಲಿ ಕಡಮೆಯಾಗಿಯೂ ಇದ್ದಿತು. ಬೆಳೆ ಬಾರದೆಂದು ಆತನು ಜೀವಮಾನವೆಲ್ಲ ಬೈದ ಮೂಲೆಯೇ ಈಗ ಎಲ್ಲಕ್ಕಿಂತ ಒಳ್ಳೆಯ ನೆಲವೆನಿಸಿತು.

ಬಿತ್ತುವುದಕ್ಕೆ ಬೀಜವನ್ನು ಅಂಗಡಿಯಿಂದ ತಂದರೂ ಆಗುವುದು. ಅದಕ್ಕಿಂತ ಒಳ್ಳೆಯ ದಾರಿಯೊಂದಿದೆ: ನೆರೆಯಲ್ಲಿ ಹಳೆಯ ಹೂಗಾವಲು ಉಳಿದಿದ್ದರೆ, ಬೀಜ ಬಲಿತ ಕಾಲಕ್ಕೆ ಅದರ ಹುಲ್ಲನ್ನು ಹಸಿಯಾಗಿಯೇ ಕೊಯ್ದು ಅಂದೇ ತಂದು ಹೊಸ ನೆಲದ ಮೇಲೆ ತೆಳ್ಳಗೆ ಹಾಸುವುದು. ಹೊಲದ ಗೋಧಿಯಿನ್ನೂ ನಿಂತಿದ್ದುದರಿಂದ ಆ ವರ್ಷ ಅದಕ್ಕೆ ಅವಕಾಶವಾಗಲಿಲ್ಲ, ಬೀಜವನ್ನೇ ತಂದರು. ಅದರಲ್ಲಿ ಯೆಲ್ಲೋ ರ‍್ಯಾಟಲ್ ಎಂಬುದಿತ್ತು. ಒಣಗಿದ ಕಾಯನ್ನು ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲವೆನ್ನುವುದರಿಂದ, ಹಳದಿ ಹೂವಿನ ಗಿಲಕಿಯೆಂದು ಅದಕ್ಕೆ ಆ ಹೆಸರು. ಈ ಪುಟ್ಟ ಗಿಡವು ತನ್ನ ಬೇರನ್ನು ಹುಲ್ಲಿನ ಬೇರಿಗೆ ಚುಚ್ಚಿ ಅದರ ರಸವನ್ನು ಹೀರಿ ಬದುಕುವುದು. ಹುಲ್ಲು ಸೊರಗಿದಲ್ಲಿ ಹೂಗಳಿಗೆ ಎಡೆಯಾಗುವುದು. ಹಿಂದೆ ಒಕ್ಕಲಿಗರು ಇದನ್ನು ಕಳ್ಳನೆಂದು ಕಿತ್ತೊಗೆಯುತ್ತಿದ್ದರು. ಈಗ ದುಡ್ಡು ಕೊಟ್ಟು ತರುತ್ತಾರೆ. ಅದರ ಬೀಜವು ಚಳಿಗಾಲದ ಶೀತವನ್ನು ಉಣ್ಣದೆ ಮೊಳೆಯದು, ಮತ್ತು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಾಳದು. ಆದ ಕಾರಣ ಹಿಮ ಬೀಳುವುದಕ್ಕೆ ಮೊದಲೇ ಬಿತ್ತಬೇಕು. ಅದು ಬೀಜ ಉದುರಿಸುವ ತನಕ, ಎಂದರೆ ಜುಲೈ ನಡುವಿನ ತನಕ, ಕುಡುಗೋಲು ಹಾಕಬಾರದು.

ಮೊದಲನೆಯ ವಸಂತದಲ್ಲಿ ಮೇಲಕ್ಕೆದ್ದುದು ಹೂವಲ್ಲ, ಕಳೆ. ಥಿಸಲ್ ಎಂಬ ಮುಳ್ಳುಗಿಡವೂ, ಡಾಕ್ ಎಂಬ ಅಗಲವಾದ ಎಲೆಯ ಗಿಡವೂ ಹೊಲದ ಮೇಲ್ಭಾಗವನ್ನೆಲ್ಲ ಹಿಡಿದುವು. 1959ರ ಕಳೆಗಳ ಕಾಯಿದೆಯಲ್ಲಿ ಹೆಸರು ಹಿಡಿದು ಹೇಳಿರುವ ಐದು ಗಿಡಗಳಲ್ಲಿ ನಾಲ್ಕು ಈ ಎರಡು ಕುಲದವೇ. ಪಕ್ಕದ ಗೇಣಿದಾರನು ಬೇಲಿಯ ಹತ್ತಿರ ನಿಂತು, "ಇದಕ್ಕೂ ಹಣ ಕೊಡುತ್ತಾರೆಯೇ?" ಎಂದು ಕೇಳಿದನು. ಹಾಸ್ಯವೋ ಹೊಟ್ಟೆಕಿಚ್ಚೋ ತಿಳಿಯುವಂತಿರಲಿಲ್ಲ. ಆ ಮಾರ್ಚಿನಲ್ಲಿ ಸರ್ಕಾರವು ಪರಿಸರ ಬೇಸಾಯದ ಸಹಾಯಧನಕ್ಕೆ ಹೊಸ ಅರ್ಜಿಗಳನ್ನು ಹಠಾತ್ತಾಗಿ ನಿಲ್ಲಿಸಿದುದರಿಂದ ಅವನ ಅರ್ಜಿಯು ಮನೆಯಲ್ಲಿಯೇ ಉಳಿದಿತ್ತು. ರೈತನು ಉತ್ತರ ಕೊಡದೆ ಯಂತ್ರವನ್ನು ತಂದು ಕಳೆಯ ತಲೆಯನ್ನು ಹೂ ಬಿಡುವ ಮೊದಲೇ ಸವರಿದನು. ಬಂಗಾರದಂಥ ಗೋಧಿಯಿದ್ದಲ್ಲಿ ಮುಳ್ಳನ್ನು ಕಾಣುವುದು ಒಕ್ಕಲಿಗನ ಕಣ್ಣಿಗೆ ಎಂಥ ಶಿಕ್ಷೆಯೆಂಬುದನ್ನು ಪೇಟೆಯವರು ಅರಿಯರು.

ಯೂನಿಟ್ಟುಗಳಲ್ಲಿ ಮೂರರಲ್ಲೊಂದು ಪಾಲು ಆ ವೇಳೆಗೆ ಮಾರಾಟವಾಗಿತ್ತು. 2025ರ ಮೇ ತಿಂಗಳಿನಲ್ಲಿ, ಸಣ್ಣ ನಿವೇಶನಗಳಿಗೆ ಇನ್ನೂ ಹೆಚ್ಚಿನ ವಿನಾಯಿತಿ ಕೊಡಬಹುದೇ ಎಂದು ಸರ್ಕಾರವು ಜನರ ಅಭಿಪ್ರಾಯವನ್ನು ಕೇಳಿತು. ಕೊಳ್ಳುವವರು ಕೈ ಹಿಂತೆಗೆಯಲು ಇಷ್ಟು ಸುದ್ದಿಯೇ ಸಾಕಾಯಿತು. ಉಳಿದ ಎರಡು ಪಾಲಿಗೆ ಗಿರಾಕಿ ಬರುವನೋ ಇಲ್ಲವೋ, ಕರಾರಿನಂತೆ ಹುಲ್ಲನ್ನಂತೂ ನೋಡಿಕೊಳ್ಳಲೇಬೇಕು.

ಜೂನಿನಲ್ಲಿ ತರುಣಿಯು ಮೊದಲನೆಯ ಪರೀಕ್ಷೆಗೆ ಬಂದಳು. ಮಧ್ಯಮ ಸ್ಥಿತಿಯೆನ್ನಿಸಿಕೊಳ್ಳುವುದಕ್ಕೂ ಹಲವು ಒರೆಗಲ್ಲುಗಳಿವೆ. ಹುಲ್ಲಿನಲ್ಲಿ ಶೇಕಡಾ 20 ಭಾಗವಾದರೂ 7 ಸೆಂಟಿಮೀಟರಿಗಿಂತ ಗಿಡ್ಡವಾಗಿ, ಇನ್ನು 20 ಭಾಗವಾದರೂ ಅದಕ್ಕಿಂತ ಎತ್ತರವಾಗಿ ಇರಬೇಕು. ಬರಿನೆಲವು ಶೇಕಡಾ 1ರಿಂದ 5ರೊಳಗಿರಬೇಕು. ಬೇಡದ ಕಳೆಗೆ ಮಿತಿಯಿರಬೇಕು. ಆಕೆ ಒಂದು ಮೀಟರಿನ ಚೌಕಟ್ಟನ್ನು ಅಲ್ಲಲ್ಲಿ ನೆಲದ ಮೇಲಿಟ್ಟು, ಮೊಣಕಾಲೂರಿ ಕುಳಿತು ಎಣಿಸತೊಡಗಿದಳು. ತಂದೆ ಮಗಳಿಬ್ಬರೂ ಹಿಂದೆಯೇ ನಡೆದರು. ಮೇಲ್ಭಾಗದ ಚೌಕಟ್ಟುಗಳಲ್ಲಿ ನಾಲ್ಕು ಜಾತಿ. ಅವುಗಳಲ್ಲಿ ಎರಡು ಡಾಕು. ಕೆಳಮೂಲೆಯಲ್ಲಿ, ನೀರು ನಿಲ್ಲುವ ಕಡೆ, ಒಂದು ಚೌಕಟ್ಟಿನಲ್ಲಿ ಏಳು. ಏಳನೆಯದು ಗೇಣುದ್ದದ ಒಂದೇ ಒಂದು ಕಡ್ಡಿ, ತುದಿಯಲ್ಲಿ ಹಳದಿ ಹೂವು, ಗಿಲಕಿಯ ಗಿಡ.

ಮಗಳು ಬಗ್ಗಿ ಅದರ ಪಕ್ಕಕ್ಕೊಂದು ಹಜಲುಕಡ್ಡಿಯನ್ನು ನೆಟ್ಟಳು, ದನ ಬಿಡುವಾಗ ಗುರುತಿಗಿರಲೆಂದು. ರೈತನು ತನ್ನ ತಂದೆ ಗೋಧಿಯ ಇಳುವರಿಯನ್ನು ವರ್ಷವರ್ಷವೂ ಬರೆದಿಡುತ್ತಿದ್ದ ಹಳೆಯ ಪುಸ್ತಕದಲ್ಲಿ, 2024ರ ಸಾಲಿನ ಕೆಳಗೆ, ಟನ್ನಿನ ಅಂಕಣದಲ್ಲಿ ಗೆರೆಯೆಳೆದು, ಪಕ್ಕದಲ್ಲಿ ನಾಲ್ಕು, ಏಳು ಎಂದು ಬರೆದುಕೊಂಡನು. ಮುಂದಿನ ಪರೀಕ್ಷೆಗೆ ಮುಂದಿನ ವರ್ಷದ ಜೂನ್ ಗೊತ್ತಾಯಿತು.